ಧರಮತರ್‌ನಿಂದ ಗೇಟ್‌ವೇವರೆಗೆ: 36 ಕಿಲೋಮೀಟರ್ ಈಜಿಗೆ ಒಂದು ವರ್ಷದ ಸಿದ್ಧತೆ

ಮಹಾರಾಷ್ಟ್ರದ ರಾಯಗಡ ಜಿಲ್ಲೆಯಲ್ಲಿ ಅಂಬಾ ನದಿ ಸಮುದ್ರ ಸೇರುವ ಉದ್ದನೆಯ ಅಳಿವೆಗೆ ಧರಮತರ್ ಖಾರಿ ಎಂದು ಹೆಸರು. ಅಲ್ಲಿನ ಜೆಟ್ಟಿಯಿಂದ ಮುಂಬೈಯ ಗೇಟ್‌ವೇ ಆಫ್ ಇಂಡಿಯಾವರೆಗೆ 36 ಕಿ.ಮೀ. ಇಂಗ್ಲೆಂಡ್-ಫ್ರಾನ್ಸ್ ನಡುವಿನ ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜುವ ಕನಸು ಕಾಣುವ ಭಾರತದ ಅನೇಕ ಈಜುಗಾರರು ಮೊದಲು ಈ ದಾರಿಯಲ್ಲಿ ತಮ್ಮನ್ನು ಪರೀಕ್ಷಿಸಿಕೊಳ್ಳುತ್ತಾರೆ. ಕಡಲ್ಗಾಲುವೆಯ ಚಳಿ ಇಲ್ಲಿಲ್ಲ. ಆದರೆ ಕತ್ತಲು, ಕೆಸರು ನೀರು, ಲೋಳೆಮೀನು, ಹಡಗುಗಳ ದಾರಿ, ದಿಕ್ಕು ಬದಲಿಸುವ ಸೆಳೆತ ಎಲ್ಲವೂ ಇವೆ.

ಗೆಳತಿಯೊಬ್ಬಳು ಈ ದೂರವನ್ನು ಈಜಿದ ರಾತ್ರಿ ನಾನು ಜೊತೆಗಿನ ದೋಣಿಯಲ್ಲಿದ್ದೆ. ಅರ್ಧ ಗಂಟೆಗೊಮ್ಮೆ ಅವಳಿಗೆ ಕುಡಿಯಲು ಕೊಡುವುದು, ನಿಮಿಷಕ್ಕೆ ಎಷ್ಟು ಬಾರಿ ತೋಳು ಬೀಸುತ್ತಿದ್ದಾಳೆ ಎಂದು ಎಣಿಸಿ ಬರೆಯುವುದು ನನ್ನ ಕೆಲಸವಾಗಿತ್ತು. ಅವಳು ನನಗಿಂತ ವೇಗವಾಗಿ ಈಜುವವಳೇನಲ್ಲ. ಅವಳ ಹೊಟ್ಟೆ ಕೈಕೊಡಲಿಲ್ಲ, ಭುಜ ಕೈಕೊಡಲಿಲ್ಲ, ದೋಣಿಯವರು ನೀರನ್ನು ಸರಿಯಾಗಿ ಲೆಕ್ಕ ಹಾಕಿದ್ದರು. ತೋಳಿನ ಬಲವನ್ನು ಎಲ್ಲರೂ ಬೆಳೆಸಿಕೊಳ್ಳುತ್ತಾರೆ. ಈ ಉಳಿದ ಮೂರನ್ನು ಅಭ್ಯಾಸ ಮಾಡದೆ ಹೋಗುವವರೇ ಹೆಚ್ಚು. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಅವುಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಶುರು ಮಾಡುವ ಮೊದಲು

ಈಜುಕೊಳದಲ್ಲಿ ನಿಲ್ಲದೆ 3 ಕಿ.ಮೀ. ಫ್ರೀಸ್ಟೈಲ್ ಈಜಬಲ್ಲವರು ಹನ್ನೆರಡು ತಿಂಗಳಲ್ಲಿ ಈ ದೂರಕ್ಕೆ ಸಿದ್ಧರಾಗಬಹುದು. ಇನ್ನೂ 1 ಕಿ.ಮೀ.ಯಲ್ಲೇ ಏದುಸಿರು ಬರುತ್ತಿದ್ದರೆ ಎರಡು ವರ್ಷ ಇಟ್ಟುಕೊಳ್ಳಿ. ಆತುರಪಡುವ ಕೆಲಸ ಇದಲ್ಲ.

ಮೊದಲ ಖರ್ಚು ವೈದ್ಯರ ಬಳಿ ಆಗಲಿ. ರಕ್ತದೊತ್ತಡ ನೋಡಿಸಿ, ಇಸಿಜಿ ಮಾಡಿಸಿ. ನಲವತ್ತು ದಾಟಿದ್ದರೆ ಹೃದಯದ ಎಕೋ ಪರೀಕ್ಷೆಯ ಬಗ್ಗೆಯೂ ಕೇಳಿ. ದೂರ ಈಜುವಾಗ ಕೆಲವರ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದುಂಟು. ಕಾರಣವಿಲ್ಲದೆ ಉಸಿರು ಕಟ್ಟುವುದು, ಕೆಮ್ಮು, ಕೆಮ್ಮಿದರೆ ಗುಲಾಬಿ ಬಣ್ಣದ ನೊರೆ ಇದರ ಲಕ್ಷಣಗಳು. ಅಭ್ಯಾಸದಲ್ಲಿ ಒಮ್ಮೆ ಹೀಗಾದರೂ ನೀರಿನಿಂದ ಹೊರಬಂದು ವೈದ್ಯರನ್ನು ಕಾಣಬೇಕು. ರಕ್ತದೊತ್ತಡ ಇರುವವರಿಗೆ ಈ ಅಪಾಯ ಹೆಚ್ಚು.

ಮೊದಲ ನಾಲ್ಕು ತಿಂಗಳು: ಈಜುಕೊಳ

ಮೊದಲ ವಾರವೇ ನಿಮ್ಮ ವೇಗವನ್ನು ಅಳೆಯಿರಿ. ಚೆನ್ನಾಗಿ ಮೈ ಬಿಸಿ ಮಾಡಿಕೊಂಡು 400 ಮೀಟರ್ ಅನ್ನು ಸಾಧ್ಯವಾದಷ್ಟು ವೇಗವಾಗಿ ಈಜಿ. ಹತ್ತು ನಿಮಿಷ ನಿಧಾನವಾಗಿ ತೇಲಾಡಿ, ಬಳಿಕ 200 ಮೀಟರ್ ಅನ್ನು ಅದೇ ರೀತಿ ಈಜಿ. ಮೊದಲ ಸಮಯದಿಂದ ಎರಡನೆಯದನ್ನು ಕಳೆದು ಎರಡರಿಂದ ಭಾಗಿಸಿ. 400 ಮೀಟರ್‌ಗೆ 8 ನಿಮಿಷ 20 ಸೆಕೆಂಡ್, 200 ಮೀಟರ್‌ಗೆ 4 ನಿಮಿಷ ಎಂದುಕೊಳ್ಳಿ. ವ್ಯತ್ಯಾಸ 4 ನಿಮಿಷ 20 ಸೆಕೆಂಡ್, ಅದರರ್ಧ 2 ನಿಮಿಷ 10 ಸೆಕೆಂಡ್. ನೂರು ಮೀಟರ್‌ಗೆ ಇದು ನಿಮ್ಮ ಹೊಸ್ತಿಲು. ಇದಕ್ಕಿಂತ ವೇಗವಾಗಿ ಹೋದರೆ ದೇಹ ಬೇಗ ಸೋಲುತ್ತದೆ, ಇದಕ್ಕಿಂತ ಹತ್ತು ಸೆಕೆಂಡ್ ನಿಧಾನವಾಗಿ ಹೋದರೆ ಗಂಟೆಗಟ್ಟಲೆ ನಡೆಯುತ್ತದೆ. ಆರು ವಾರಕ್ಕೊಮ್ಮೆ ಮತ್ತೆ ಅಳೆಯಿರಿ.

ವಾರಕ್ಕೆ ನಾಲ್ಕು ದಿನ ಈಜಿ. ಒಂದು ದಿನ ಹೊಸ್ತಿಲ ವೇಗದಲ್ಲಿ 100 ಮೀಟರ್‌ನ ಇಪ್ಪತ್ತು ತುಂಡುಗಳು, ನಡುನಡುವೆ 15 ಸೆಕೆಂಡ್ ಬಿಡುವು. ಇನ್ನೊಂದು ದಿನ ಹತ್ತು ಸೆಕೆಂಡ್ ನಿಧಾನಗತಿಯಲ್ಲಿ 400 ಮೀಟರ್‌ನ ಆರು ತುಂಡುಗಳು. ಮೂರನೆಯ ದಿನ ಶೈಲಿಯ ಅಭ್ಯಾಸ. ನಾಲ್ಕನೆಯ ದಿನ ನಿಲ್ಲದೆ ಈಜು: ಒಂದು ಗಂಟೆಯಿಂದ ಶುರು ಮಾಡಿ ಎರಡು ಗಂಟೆಗೆ ಏರಿಸಿ. ವಾರಕ್ಕೆ 10 ಕಿ.ಮೀ.ಯಿಂದ ಹೊರಟು ನಾಲ್ಕನೆಯ ತಿಂಗಳ ಕೊನೆಗೆ 18 ಕಿ.ಮೀ. ತಲುಪಿದರೆ ಸಾಕು. ಮೂರು ವಾರ ಏರಿಸಿ, ನಾಲ್ಕನೆಯ ವಾರ ಮೂರರಲ್ಲಿ ಒಂದು ಪಾಲು ಇಳಿಸಿ.

ಎರಡೂ ಬದಿಗೆ ಉಸಿರು ತೆಗೆದುಕೊಳ್ಳುವುದನ್ನು ಈಗಲೇ ರೂಢಿಸಿಕೊಳ್ಳಿ. ಒಂದೇ ಬದಿಗೆ ಉಸಿರಾಡುವವರಿಗೆ ಆ ಬದಿಯಿಂದ ಅಲೆ ಬಂದ ದಿನ ಬಾಯಿಗೆ ಉಪ್ಪುನೀರೇ ಗತಿ. ದೋಣಿ ಎಡಕ್ಕಿದ್ದರೂ ಬಲಕ್ಕಿದ್ದರೂ ನಿಮಗೆ ಕಾಣಬೇಕು.

ಇನ್ನು ಭುಜ. ನಿಮಿಷಕ್ಕೆ 60 ಸ್ಟ್ರೋಕ್‌ನಂತೆ (ತೋಳಿನ ಬೀಸು) ಹತ್ತು ಗಂಟೆ ಈಜಿದರೆ 36,000 ಸ್ಟ್ರೋಕ್ ಆಗುತ್ತದೆ. ಸಣ್ಣ ತಪ್ಪೊಂದು ಅಷ್ಟು ಬಾರಿ ಮರುಕಳಿಸಿದರೆ ಯಾವ ಕೀಲೂ ತಾಳುವುದಿಲ್ಲ. ನಾನು ನೋಡಿದ ಭುಜನೋವುಗಳಲ್ಲಿ ಹೆಚ್ಚಿನವಕ್ಕೆ ಮೂಲ ಎರಡೇ. ಒಂದು, ಕೈ ನೀರಿಗಿಳಿಯುವಾಗ ತಲೆಯ ನಡುಗೆರೆಯನ್ನು ದಾಟುವುದು. ಇನ್ನೊಂದು, ಹೆಬ್ಬೆರಳು ಮೊದಲು ನೀರಿಗೆ ತಾಗುವಂತೆ ಅಂಗೈ ತಿರುಗಿಸುವುದು. ಕೈ ಭುಜದ ನೇರಕ್ಕೆ, ಬೆರಳತುದಿ ಮೊದಲು ತಾಗುವಂತೆ, ಅಂಗೈ ಕೆಳಮುಖವಾಗಿ ಇಳಿಯಲಿ. ಯಾರಿಂದಲಾದರೂ ಎದುರಿನಿಂದ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ನೋಡಿ. ನಮ್ಮ ಕೈ ಎಲ್ಲಿ ಬೀಳುತ್ತದೆ ಎಂದು ನಾವು ನಂಬಿರುವುದಕ್ಕೂ ಅದು ಬೀಳುವ ಜಾಗಕ್ಕೂ ಬಹಳ ಅಂತರವಿರುತ್ತದೆ.

ವಾರಕ್ಕೆ ಮೂರು ದಿನ ರಬ್ಬರ್ ಪಟ್ಟಿಯ ವ್ಯಾಯಾಮ ಮಾಡಿ. ಮೊಣಕೈಯನ್ನು ಪಕ್ಕೆಗೆ ಒತ್ತಿ ಮುಂಗೈಯನ್ನು ಹೊರಕ್ಕೆ ಎಳೆಯುವುದು, ಹೆಗಲ ಮೂಳೆಗಳನ್ನು ಹಿಂದಕ್ಕೆ ಜೋಡಿಸುವಂತೆ ಎಳೆಯುವುದು, ಹದಿನೈದರಂತೆ ಮೂರು ಸುತ್ತು. ಅಭ್ಯಾಸದ ಮರುದಿನ ಬೆನ್ನು, ತೋಳಿನ ಸ್ನಾಯುಗಳು ಬಿಗಿಯಾಗಿದ್ದರೆ ಚಿಂತೆ ಬೇಡ. ಭುಜದ ಮುಂಭಾಗದಲ್ಲಿ ಚುಚ್ಚಿದಂತೆ ನೋವು ಬಂದರೆ, ರಾತ್ರಿ ಆ ಮಗ್ಗುಲಿಗೆ ಮಲಗಲು ಆಗದಿದ್ದರೆ, ಅಂದೇ ನಿಲ್ಲಿಸಿ. ಆಗ ಕಳೆದುಕೊಳ್ಳುವುದು ಒಂದು ವಾರ. ಮಾತ್ರೆ ನುಂಗಿ ಮುಂದುವರಿದರೆ ಇಡೀ ಋತು ಹೋಗುತ್ತದೆ.

ಐದನೆಯ ತಿಂಗಳಿಂದ: ತೆರೆದ ನೀರು

ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರ ಈಜಿಗೆ ಸಲ್ಲದು. ಆದ್ದರಿಂದ ಮಳೆಗಾಲವನ್ನು ಈಜುಕೊಳಕ್ಕೆ ಇಟ್ಟುಕೊಂಡು, ಅಕ್ಟೋಬರ್ ನಂತರ ಕಡಲಿಗೆ ಇಳಿಯುವಂತೆ ವರ್ಷವನ್ನು ಜೋಡಿಸಿಕೊಳ್ಳಿ. ಜೀವರಕ್ಷಕರಿರುವ ಕಡಲತೀರದಲ್ಲಿ ಶುರು ಮಾಡಿ, ಅವರಿಗೆ ಹೇಳಿಯೇ ಇಳಿಯಿರಿ, ತೀರಕ್ಕೆ ಸಮಾನಾಂತರವಾಗಿ ಈಜಿ. ಕೈ ಪಳಗಿದ ಮೇಲೆ ದೋಣಿ ಜೊತೆಗಿಟ್ಟುಕೊಂಡು ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪದ ಕಡೆಗೆ ಹೋಗುವುದು ಒಳ್ಳೆಯ ಅಭ್ಯಾಸ. ಆದರೆ ದ್ವೀಪದ ಸುತ್ತಲಿನ ಬಂಡೆಗಳ ಹತ್ತಿರ ಹೋಗಬೇಡಿ. ಅಲೆ ಎತ್ತಿ ಅಪ್ಪಳಿಸಿದರೆ ಚರ್ಮ ಉಳಿಯುವುದಿಲ್ಲ.

ಒಳನಾಡಿನವರು ಹೊಳೆ, ಹಿನ್ನೀರು ಹುಡುಕುತ್ತಾರೆ. ಅಣೆಕಟ್ಟಿನ ತೂಬಿನ ಬಳಿ, ಮೊಸಳೆ ಇರುವ ನೀರಿನಲ್ಲಿ ಇಳಿಯಲೇಬಾರದು. ಕಾಳಿ ನದಿಯ ದಾಂಡೇಲಿ ಭಾಗದಲ್ಲಿ ಮೊಸಳೆಗಳಿವೆ, ಕಾವೇರಿಯ ಹಲವೆಡೆಯೂ ಇವೆ. ಮಳೆ ಬಿದ್ದ ಮೇಲೆ ಗಾಯವಿರುವ ಮೈಯಲ್ಲಿ ಹೊಳೆಗಿಳಿದರೆ ಇಲಿಜ್ವರದ ಭಯವೂ ಇದೆ. ಸ್ಥಳೀಯರ ಮಾತು ಕೇಳಿ, ಅನುಮತಿ ಪಡೆದು ಇಳಿಯಿರಿ. ಎಲ್ಲಿಯೇ ಆಗಲಿ ಒಬ್ಬರೇ ಹೋಗಬೇಡಿ. ಸೊಂಟಕ್ಕೆ ಕಟ್ಟುವ ಕಿತ್ತಳೆ ಬಣ್ಣದ ತೇಲುಚೀಲ ಸದಾ ಇರಲಿ. ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವರ ನಾಡು ನಮ್ಮದು, ಸೊಂಟಕ್ಕೆ ಏನನ್ನಾದರೂ ಕಟ್ಟಿಕೊಳ್ಳಲು ಸಂಕೋಚ ಯಾಕೆ? ದೋಣಿಯವರ ಕಣ್ಣಿಗೆ ನಿಮ್ಮ ತಲೆ ಒಂದು ತೆಂಗಿನಕಾಯಿಯಷ್ಟೂ ಕಾಣುವುದಿಲ್ಲ.

ತೆರೆದ ನೀರಿನಲ್ಲಿ ಹೊಸದಾಗಿ ಕಲಿಯಬೇಕಾದದ್ದು ದಿಕ್ಕು ನೋಡುವುದು. ತಲೆ ಪೂರ್ತಿ ಎತ್ತಿದರೆ ಸೊಂಟ ಮುಳುಗುತ್ತದೆ, ಕತ್ತು ನೋಯುತ್ತದೆ. ಮೊಸಳೆಯ ಹಾಗೆ ಕಣ್ಣು ಮಾತ್ರ ನೀರಿನ ಮೇಲೆ ಬರಲಿ, ಕೂಡಲೇ ಮುಖವನ್ನು ಬದಿಗೆ ತಿರುಗಿಸಿ ಉಸಿರು ತೆಗೆದುಕೊಳ್ಳಿ. ಹತ್ತು-ಹನ್ನೆರಡು ಸ್ಟ್ರೋಕ್‌ಗೊಮ್ಮೆ ಸಾಕು. ತೀರದಿಂದ ಒಳಕ್ಕೆ ಎಳೆಯುವ ಸೆಳೆತಕ್ಕೆ ಸಿಕ್ಕಿದರೆ ಅದಕ್ಕೆ ಎದುರಾಗಿ ಗುದ್ದಾಡಬೇಡಿ; ತೀರಕ್ಕೆ ಸಮಾನಾಂತರವಾಗಿ ಈಜಿ ಅದರಿಂದ ಹೊರಬಂದು, ಆಮೇಲೆ ದಡಕ್ಕೆ ತಿರುಗಿ.

ಬಿಸಿನೀರಿನ ಅಪಾಯವನ್ನು ಬಹಳ ಜನ ಅಲಕ್ಷ್ಯ ಮಾಡುತ್ತಾರೆ. ನಮ್ಮ ಸಮುದ್ರ ಬೇಸಿಗೆಯಲ್ಲಿ 30 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ನೀರಿನಲ್ಲಿದ್ದರೂ ಮೈ ಬೆವರುತ್ತದೆ, ಆ ಬೆವರು ಯಾರಿಗೂ ಕಾಣುವುದಿಲ್ಲ. 2010ರ ಅಕ್ಟೋಬರ್‌ನಲ್ಲಿ ಯುಎಇಯ ಫುಜೈರಾದಲ್ಲಿ ಬಿಸಿಯಾದ ಸಮುದ್ರದಲ್ಲಿ ನಡೆದ 10 ಕಿ.ಮೀ. ವಿಶ್ವಕಪ್ ಸ್ಪರ್ಧೆಯಲ್ಲಿ ಅಮೆರಿಕದ ಫ್ರಾನ್ ಕ್ರಿಪನ್ ತೀರಿಕೊಂಡರು. ಅವರು ವಿಶ್ವಮಟ್ಟದ ಈಜುಗಾರ, ವಯಸ್ಸು 26. ಈಗ ಅಂತರರಾಷ್ಟ್ರೀಯ ಸ್ಪರ್ಧೆಗಳಿಗೆ 31 ಡಿಗ್ರಿಯ ಮೇಲ್ಮಿತಿ ಇದೆ. ಬೆಳಕು ಹರಿಯುವ ಮೊದಲೇ ನೀರಿಗಿಳಿಯಿರಿ. ದಪ್ಪ ಸಿಲಿಕೋನ್ ಟೋಪಿಯ ಬದಲು ತೆಳ್ಳನೆಯದನ್ನು ಹಾಕಿ. ಬಾಟಲಿಗಳನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಡಿ. ತಲೆಸಿಡಿತ, ನೀರಿನಲ್ಲೇ ಮೈ ಚಳಿ ಬಂದಂತಾಗುವುದು, ಗೊಂದಲ ಇವು ಶಾಖದ ಎಚ್ಚರಿಕೆಗಳು.

ದೂರ ಏರಿಸುವ ತಿಂಗಳುಗಳು

ಆರನೆಯ ತಿಂಗಳಲ್ಲಿ ಮೂರು ಗಂಟೆ, ಏಳನೆಯದರಲ್ಲಿ ನಾಲ್ಕು, ಒಂಬತ್ತನೆಯದರಲ್ಲಿ ಆರು: ನಿಲ್ಲದ ಈಜನ್ನು ಹೀಗೆ ಏರಿಸಿ. ಕಿಲೋಮೀಟರ್ ಲೆಕ್ಕ ಬಿಟ್ಟು ಗಂಟೆ ಲೆಕ್ಕ ಇಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಸಮುದ್ರದಲ್ಲಿ ಒಂದು ದಿನದ ಕಿಲೋಮೀಟರ್ ಇನ್ನೊಂದು ದಿನದ್ದಲ್ಲ. 36 ಕಿ.ಮೀ. ಪೂರ್ತಿ ಅಭ್ಯಾಸ ಮಾಡುವ ಅಗತ್ಯವಿಲ್ಲ. 50 ಮೀಟರ್ ಕೊಳದಲ್ಲಿ ಅದು 720 ಉದ್ದ. ಅಷ್ಟು ಗೋಡೆ ಒದೆಯುವುದರಿಂದ ಕಡಲಿನ ಕಲಿಕೆ ಬರುವುದಿಲ್ಲ.

ಎಂಟರಿಂದ ಹತ್ತನೆಯ ತಿಂಗಳಲ್ಲಿ ಒಂದು ತುಂಬಿದ ವಾರ ಹೀಗಿರಬಹುದು. ಸೋಮವಾರ ರಜೆ. ಮಂಗಳವಾರ ಹೊಸ್ತಿಲ ವೇಗದ ತುಂಡುಗಳೂ ಸೇರಿ 4 ಕಿ.ಮೀ. ಬುಧವಾರ ನಿಧಾನದ 3 ಕಿ.ಮೀ., ಸಂಜೆ ರಬ್ಬರ್ ಪಟ್ಟಿ. ಗುರುವಾರ 400 ಮೀಟರ್‌ನ ಹತ್ತು ತುಂಡುಗಳೂ ಸೇರಿ 5 ಕಿ.ಮೀ. ಶುಕ್ರವಾರ ಶೈಲಿಗಾಗಿ 2 ಕಿ.ಮೀ., ಬೇಗ ನಿದ್ದೆ. ಶನಿವಾರ ಸಮುದ್ರದಲ್ಲಿ ನಾಲ್ಕು ಗಂಟೆ. ಭಾನುವಾರ ಮತ್ತೆ ಎರಡೂವರೆ ಗಂಟೆ. ಒಟ್ಟು ಸುಮಾರು 30 ಕಿ.ಮೀ. ಇಲ್ಲಿ ಬೆಲೆ ಬಾಳುವುದು ಭಾನುವಾರ. ದಣಿದ ತೋಳಿನಿಂದ, ಸರಿಯಾದ ಶೈಲಿಯಲ್ಲಿ, ಮನಸ್ಸಿಲ್ಲದಿದ್ದರೂ ಈಜುವ ಆ ಎರಡೂವರೆ ಗಂಟೆ ನಿಮ್ಮನ್ನು ಏಳನೆಯ ತಾಸಿಗೆ ಸಿದ್ಧಗೊಳಿಸುತ್ತದೆ. ನೌಕರಿ, ಮಕ್ಕಳು, ಮನೆ ನೋಡಿಕೊಂಡು ವಾರಕ್ಕೆ ನಾಲ್ಕೇ ದಿನ ಸಿಗುವುದಾದರೆ ಬುಧವಾರ, ಶುಕ್ರವಾರಗಳನ್ನು ಬಿಡಿ. ಶನಿವಾರ-ಭಾನುವಾರದ ಜೋಡಿಯನ್ನು ಬಿಡಬೇಡಿ.

ಕನಿಷ್ಠ ಎರಡು ಸಲ ರಾತ್ರಿ ಈಜಬೇಕು. ಕತ್ತಲಲ್ಲಿ ವೇಗದ ಅಂದಾಜು ಸಿಗುವುದಿಲ್ಲ, ನಿಂತಲ್ಲೇ ಇದ್ದೇನೆ ಎನಿಸುತ್ತದೆ, ಕೆಲವರಿಗೆ ತಲೆಸುತ್ತು ಬರುತ್ತದೆ. ಬಣ್ಣವಿಲ್ಲದ ಈಜು ಕನ್ನಡಕ ಧರಿಸಿ. ಟೋಪಿಯ ಹಿಂಬದಿಗೆ, ಈಜುಡುಗೆಯ ಬೆನ್ನಿಗೆ ಸಣ್ಣ ದೀಪ ಸಿಕ್ಕಿಸಿ. ದೋಣಿಯ ದೀಪ ನಿಮ್ಮ ಕಣ್ಣಿಗೆ ಹೊಡೆಯದಂತೆ ನೀರಿನ ಕಡೆಗೆ ತಗ್ಗಿರಲಿ.

ಹೊಟ್ಟೆಯ ಅಭ್ಯಾಸ

ಸಮುದ್ರದಲ್ಲಿ ನನ್ನ ಮೊದಲ 10 ಕಿ.ಮೀ. ಈಜು ಮುಗಿಯಲಿಲ್ಲ. ಹಿಂದಿನ ಸಂಜೆ ಯಾರೋ ಕೊಟ್ಟ ಹೊಸ ಪುಡಿಯನ್ನು ನೀರಿಗೆ ಬೆರೆಸಿಕೊಂಡು ಹೋಗಿದ್ದೆ. ಎರಡು ಗಂಟೆ ಎಲ್ಲ ಸರಿಯಿತ್ತು. ಮೂರನೆಯ ಗಂಟೆಯಲ್ಲಿ ಶುರುವಾದ ವಾಂತಿ ನಿಲ್ಲಲಿಲ್ಲ, ದೋಣಿ ಹತ್ತಬೇಕಾಯಿತು. ತೋಳಿನಲ್ಲಿ ಇನ್ನೂ ಶಕ್ತಿಯಿತ್ತು, ಅದೇ ನೋವು ಬಹಳ ದಿನ ಕಾಡಿತು. ಆಮೇಲಿಂದ ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಊಟದ ಅಭ್ಯಾಸದ ಬಗ್ಗೆ.

ದೇಹದಲ್ಲಿ ಕೂಡಿಟ್ಟ ಸಕ್ಕರೆ ಎರಡು-ಮೂರು ಗಂಟೆಯ ದುಡಿಮೆಗೆ ಸಾಲುತ್ತದೆ. ಅಲ್ಲಿಂದಾಚೆಗೆ ಗಂಟೆಗೆ ಸುಮಾರು 60 ಗ್ರಾಂ ಪಿಷ್ಟ ಅಥವಾ ಸಕ್ಕರೆ ಒಳಗೆ ಹೋಗುತ್ತಿರಬೇಕು. ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎರಡೂ ಬೆರೆತಿದ್ದರೆ ಪಳಗಿದ ಹೊಟ್ಟೆ 90 ಗ್ರಾಂವರೆಗೂ ತೆಗೆದುಕೊಳ್ಳುತ್ತದೆ, ಏಕೆಂದರೆ ಕರುಳಿನಲ್ಲಿ ಇವೆರಡಕ್ಕೂ ಬೇರೆಬೇರೆ ಬಾಗಿಲುಗಳಿವೆ. ನಾವು ಬಳಸುವ ಸಕ್ಕರೆಯಲ್ಲಿ ಎರಡೂ ಇವೆ. ನಾನು ಮಾಡುವ ಒಂದು ಗಂಟೆಯ ಪಾಲು ಹೀಗಿದೆ: ಅರ್ಧ ಲೀಟರ್ ನೀರಿಗೆ 40 ಗ್ರಾಂ ಮಾಲ್ಟೋಡೆಕ್ಸ್‌ಟ್ರಿನ್ ಪುಡಿ (ಪಿಷ್ಟದಿಂದ ಮಾಡಿದ್ದು), 20 ಗ್ರಾಂ ಸಕ್ಕರೆ, ಎರಡು ಚಿಟಿಕೆ ಉಪ್ಪು, ಅರ್ಧ ನಿಂಬೆಹಣ್ಣು. ಇದನ್ನು ಎರಡು ಪಾಲು ಮಾಡಿ ಅರ್ಧ ಗಂಟೆಗೊಂದರಂತೆ ಕುಡಿಯುವುದು.

ಹತ್ತು ಗಂಟೆ ಸಿಹಿ ಕುಡಿದರೆ ಸಿಹಿಯ ಹೆಸರೆತ್ತಿದರೂ ಹೇಸಿಗೆಯಾಗುತ್ತದೆ. ನಾಲ್ಕನೆಯ ಗಂಟೆಯ ನಂತರ ರುಚಿ ಬದಲಿಸಿ. ಉಪ್ಪು ಹಾಕಿದ ತೆಳು ಅಕ್ಕಿಗಂಜಿ ನಮ್ಮ ಹೊಟ್ಟೆಗೆ ಚೆನ್ನಾಗಿ ಒಗ್ಗುತ್ತದೆ. ರಾಗಿ ಅಂಬಲಿಯಾದರೆ ಬಟ್ಟೆಯಲ್ಲಿ ಸೋಸಿ ತೆಳ್ಳಗೆ ಮಾಡಬೇಕು, ನಾರು ಹೆಚ್ಚಾದರೆ ಹೊಟ್ಟೆ ಉಬ್ಬರಿಸುತ್ತದೆ. ಮಜ್ಜಿಗೆ, ಹಾಲು ಸೇರಿದ್ದೇನೂ ಬೇಡ ಎಂಬುದು ನನ್ನ ಅನುಭವ. ಬಾಳೆಹಣ್ಣಿನ ಚೂರು, ಬೇಯಿಸಿ ಹಿಸುಕಿದ ಆಲೂಗಡ್ಡೆ ಎರಡು ಗಂಟೆಗೊಮ್ಮೆ ಒಂದು ತುತ್ತು. ಎಳನೀರು ಹಿತವಾದರೂ ಅದನ್ನೇ ನಂಬಬೇಡಿ. ಬೆವರಿನಲ್ಲಿ ಹೋಗುವ ಸೋಡಿಯಂ ಅದರಲ್ಲಿ ಕಡಿಮೆ. ಬರಿಯ ನೀರನ್ನು ಲೀಟರ್‌ಗಟ್ಟಲೆ ಕುಡಿಯುವುದೂ ಅಪಾಯವೇ, ರಕ್ತದ ಉಪ್ಪು ಇಳಿದು ಪ್ರಜ್ಞೆ ತಪ್ಪಬಹುದು.

ಉಪ್ಪುನೀರಿಗೆ ನಾಲಿಗೆ ದಪ್ಪವಾಗಿ ಗಂಟಲು ಉರಿಯುತ್ತದೆ. ಪ್ರತಿ ಸಲ ಕುಡಿಯುವ ಮೊದಲು ಸಿಹಿನೀರಿನಲ್ಲಿ ಬಾಯಿ ಮುಕ್ಕಳಿಸಿ. ವಾಂತಿ ಒಮ್ಮೆ ಆದರೆ ಹೆದರಬೇಡಿ. ಮುಂದಿನ ಸರದಿಯಲ್ಲಿ ಎರಡು ಗುಟುಕು ಬರಿಯ ನೀರು, ಅದರ ಮುಂದಿನದರಲ್ಲಿ ಅರ್ಧ ಪಾಲು, ಹೀಗೆ ಮೆಲ್ಲಗೆ ಮರಳಿ.

ಕೊಡುವ ವಿಧಾನವನ್ನೂ ಅಭ್ಯಾಸ ಮಾಡಬೇಕು. ಬಾಟಲಿಗೆ ಹಗ್ಗ ಕಟ್ಟಿ ಎಸೆಯುತ್ತಾರೆ. ಈಜುಗಾರ ಬೆನ್ನ ಮೇಲೆ ತೇಲುತ್ತಾ ಕುಡಿದು ಬಿಟ್ಟುಬಿಡಬೇಕು. ದೋಣಿಯನ್ನಾಗಲಿ ದೋಣಿಯವರ ಕೈಯನ್ನಾಗಲಿ ಮುಟ್ಟಿದರೆ ಈಜು ಲೆಕ್ಕಕ್ಕೆ ಬರುವುದಿಲ್ಲ. ಒಂದು ಸರದಿಗೆ ಒಂದು ನಿಮಿಷ ಇಟ್ಟುಕೊಂಡರೂ ಹತ್ತು ಗಂಟೆಯಲ್ಲಿ ಇಪ್ಪತ್ತು ನಿಮಿಷ ಹೋಯಿತು. ಮೂರು ನಿಮಿಷ ಹರಟಿದರೆ ಒಂದು ಗಂಟೆ ಹೋಗುತ್ತದೆ, ಅಷ್ಟರಲ್ಲಿ ನೀರು ತಿರುಗಿಬಿಡುತ್ತದೆ.

ನೀರಿನ ಲೆಕ್ಕ

ಮಂಗಳೂರು, ಉಡುಪಿ ಕಡೆಯವರಿಗೆ ಉಬ್ಬರ-ಇಳಿತದ ನಡುವಿನ ಅಂತರ ಒಂದೂವರೆ ಮೀಟರ್ ಆಸುಪಾಸು. ಮುಂಬೈಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಅದು ನಾಲ್ಕು ಮೀಟರ್ ದಾಟುತ್ತದೆ. ಅಷ್ಟು ನೀರು ಆರು ಗಂಟೆಯಲ್ಲಿ ಕಿರಿದಾದ ಅಳಿವೆಯಿಂದ ಹೊರಹೋಗಿ ಮತ್ತೆ ಒಳಬರಬೇಕು. ನಮ್ಮ ಕಡಲಿನಲ್ಲಿ ಪಳಗಿದ ಕಣ್ಣಿಗೆ ಈ ಸೆಳೆತ ಹೊಸದು.

ದಾರಿಯನ್ನು ನಕ್ಷೆಯಲ್ಲಿ ನೋಡಿದರೆ ಉಪಾಯ ತಿಳಿಯುತ್ತದೆ. ಮೊದಲ ಭಾಗ ಖಾರಿಯಿಂದ ಹೊರಕ್ಕೆ, ಎರಡನೆಯ ಭಾಗ ಮುಂಬೈ ಬಂದರಿನೊಳಗೆ ಉತ್ತರಕ್ಕೆ. ಇಳಿತ ಶುರುವಾಗುವಾಗ ಹೊರಟರೆ ಹೊರಹೋಗುವ ನೀರು ನಿಮ್ಮನ್ನು ಅಳಿವೆಯ ಬಾಯಿಗೆ ಒಯ್ಯುತ್ತದೆ. ನೀರು ತಿರುಗಿ ಉಬ್ಬರ ಬಂದಾಗ ಬಂದರಿನೊಳಕ್ಕೆ ತಳ್ಳುತ್ತದೆ. ಇಳಿತ ಮುಗಿಯುವ ಮೊದಲು ಖಾರಿಯಿಂದ ಹೊರಬರದಿದ್ದರೆ ಉಬ್ಬರ ನಿಮ್ಮನ್ನು ಮತ್ತೆ ಒಳಕ್ಕೆ ನೂಕುತ್ತದೆ. ಗೇಟ್‌ವೇ ಹತ್ತಿರ ತಡವಾದರೆ ಮುಂದಿನ ಇಳಿತ ಸಮುದ್ರಕ್ಕೆ ಎಳೆಯುತ್ತದೆ, ಕಟ್ಟಡ ಕಣ್ಣೆದುರಿಗೇ ಇದ್ದರೂ ಹತ್ತಿರವಾಗುವುದಿಲ್ಲ.

ಈಗ ನಿಮ್ಮ ವೇಗಕ್ಕೆ ಬನ್ನಿ. ನೂರು ಮೀಟರ್‌ಗೆ 2 ನಿಮಿಷ 20 ಸೆಕೆಂಡ್‌ನಂತೆ ಈಜಿದರೆ ಗಂಟೆಗೆ 2.6 ಕಿ.ಮೀ.ಗೆ ಸ್ವಲ್ಪ ಕಡಿಮೆ, ಹತ್ತು ಗಂಟೆಗೆ ಸುಮಾರು 26 ಕಿ.ಮೀ. ಉಳಿದ ಹತ್ತು ಕಿ.ಮೀ.ಯನ್ನು ನೀರೇ ಕೊಡಬೇಕು. ಅದಕ್ಕೇ ದಿನ, ಗಂಟೆ ಆರಿಸುವುದು ಸ್ಟ್ರೋಕ್‌ನಷ್ಟೇ ಮುಖ್ಯ. ಅಷ್ಟಮಿಯ ಆಸುಪಾಸು ಸೆಳೆತ ಮೆಲ್ಲಗಿರುತ್ತದೆ, ಅಮಾವಾಸ್ಯೆ-ಹುಣ್ಣಿಮೆಗೆ ಜೋರು. ವೇಗವಾಗಿ ಈಜುವವರು ಜೋರು ನೀರನ್ನು ಬಳಸಿಕೊಳ್ಳಬಹುದು. ತಪ್ಪಿದರೆ ದಂಡವೂ ದೊಡ್ಡದು. ನಿಮ್ಮ ನಿಜವಾದ ಆರು ಗಂಟೆಯ ವೇಗವನ್ನು ಅಲ್ಲಿನ ಅನುಭವಿ ದೋಣಿಯವರಿಗೆ ಹೇಳಿ, ಹೊರಡುವ ಹೊತ್ತನ್ನು ಅವರಿಗೆ ಬಿಡಿ. ವೇಗವನ್ನು ಹೆಚ್ಚು ಮಾಡಿ ಹೇಳಿದರೆ ಅದರ ಫಲ ನೀವೇ ಉಣ್ಣಬೇಕು. ಈಜು ದಾಖಲಾಗಲು ಮಾನ್ಯ ಈಜು ಸಂಸ್ಥೆಯ ವೀಕ್ಷಕರು ಜೊತೆಗಿರಬೇಕು. ಬಂದರಿನವರ, ಪೊಲೀಸರ ಅನುಮತಿಯೂ ಬೇಕು. ತಿಂಗಳುಗಳ ಮೊದಲೇ ಅರ್ಜಿ ಹಾಕಿ.

ದೋಣಿಯಲ್ಲಿ ಯಾರು

ನಿಮ್ಮನ್ನು ಬಹಳ ಪ್ರೀತಿಸುವವರೇ ಎಲ್ಲರೂ ದೋಣಿಯಲ್ಲಿರುವುದು ಒಳ್ಳೆಯದಲ್ಲ. ಅಮ್ಮ ಅಥವಾ ಅಪ್ಪ ಇದ್ದರೆ ಮೊದಲ ವಾಂತಿಗೇ ಮೇಲೆ ಬಾ ಎನ್ನುತ್ತಾರೆ. ಕೋಚ್ ಮಾತ್ರ ಇದ್ದರೆ ಕೆಲವೊಮ್ಮೆ ಎತ್ತಬೇಕಾದಾಗಲೂ ಎತ್ತುವುದಿಲ್ಲ. ನಿಮ್ಮೊಡನೆ ಕನಿಷ್ಠ ಎರಡು ದೀರ್ಘ ಅಭ್ಯಾಸಗಳಲ್ಲಿ ಇದ್ದ ಒಬ್ಬರಿಗೆ ಕೊನೆಯ ತೀರ್ಮಾನ ಒಪ್ಪಿಸಿ, ಅದನ್ನು ಬರೆದು ಎಲ್ಲರಿಗೂ ತೋರಿಸಿ.

ಅವರು ಅರ್ಧ ಗಂಟೆಗೊಮ್ಮೆ ಸ್ಟ್ರೋಕ್ ಎಣಿಸಬೇಕು. 62ರಲ್ಲಿದ್ದದ್ದು 58ಕ್ಕೆ ಇಳಿದರೆ ದಣಿವು. 50ಕ್ಕೆ ಇಳಿದು ಮಾತು ತೊದಲಿದರೆ, ಕೇಳಿದ್ದಕ್ಕೆ ಉತ್ತರ ತಪ್ಪಾದರೆ ಅಪಾಯ. ನನ್ನ ಆ ಗೆಳತಿಗೆ ನಾನು ಹದಿಮೂರರ ಮಗ್ಗಿ ಕೇಳುತ್ತಿದ್ದೆ. ಎಂಟನೆಯ ಗಂಟೆಯಲ್ಲಿ ಅವಳು ಸಿಟ್ಟಿನಿಂದ ಹದಿಮೂರೆಂಟ್ಲ ನೂರ ನಾಲ್ಕು ಎಂದಾಗ ದೋಣಿಯಲ್ಲಿದ್ದ ನಮಗೆಲ್ಲ ಸಮಾಧಾನವಾಯಿತು. ಇನ್ನೆಷ್ಟು ದೂರ ಎಂದು ಈಜುಗಾರರು ಕೇಳಿದರೆ ಹೇಳಬೇಡಿ. ಮುಂದಿನ ಕುಡಿಯುವ ಸರದಿಗೆ ಎಷ್ಟು ಹೊತ್ತು ಎಂದಷ್ಟೇ ಹೇಳಿ.

ಲೋಳೆಮೀನು ಕುಟುಕಿದರೆ ಅಂಟಿದ ಎಳೆಗಳನ್ನು ಬರಿಗೈಯಿಂದ ಕೀಳಬಾರದು, ಉಜ್ಜಬಾರದು, ಸಿಹಿನೀರು ಸುರಿಯಬಾರದು. ಸಮುದ್ರದ ನೀರಿನಲ್ಲೇ ತೊಳೆಯಬೇಕು. ಸಾಮಾನ್ಯ ಉರಿ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಮುಖ ಊದಿದರೆ, ಉಸಿರಾಟ ಕಷ್ಟವಾದರೆ ಈಜು ಅಲ್ಲಿಗೇ ಮುಗಿಯಿತು, ನೇರ ಆಸ್ಪತ್ರೆಗೆ.

ಕೊನೆಯ ಮೂರು ವಾರ, ಮತ್ತು ಆ ರಾತ್ರಿ

ಅತಿ ದೀರ್ಘ ಅಭ್ಯಾಸ, ಶನಿವಾರ ಆರರಿಂದ ಏಳು ಗಂಟೆ, ಭಾನುವಾರ ಮೂರು, ಈಜಿನ ನಾಲ್ಕು ವಾರ ಮೊದಲೇ ಮುಗಿಯಲಿ. ಆಮೇಲೆ ವಾರದ ದೂರವನ್ನು ಮುಕ್ಕಾಲಿಗೆ, ಅರ್ಧಕ್ಕೆ, ಕಾಲು ಭಾಗಕ್ಕೆ ಇಳಿಸುತ್ತಾ ಬನ್ನಿ. ಮೈ ಭಾರವೆನಿಸುತ್ತದೆ, ಅಭ್ಯಾಸ ಸಾಲಲಿಲ್ಲ ಎಂಬ ದಿಗಿಲು ಬರುತ್ತದೆ. ಆ ದಿಗಿಲಿಗೆ ಕಿವಿಗೊಟ್ಟು ಮತ್ತೊಂದು ಆರು ಗಂಟೆ ಈಜಿದವರು ದಣಿದ ಭುಜದೊಂದಿಗೆ ಜೆಟ್ಟಿಗೆ ಬರುತ್ತಾರೆ.

ಹೊರಡುವ ದಿನ ಮಧ್ಯಾಹ್ನ ಅನ್ನ, ತೆಳು ಸಾರು. ಹಸಿ ತರಕಾರಿ, ಕಾಳು, ಕರಿದದ್ದು ಬೇಡ. ಸಂಜೆ ಕತ್ತಲೆ ಕೋಣೆಯಲ್ಲಿ ಮಲಗಿ, ನಿದ್ದೆ ಬರದಿದ್ದರೂ ಸರಿ. ಕತ್ತು, ಕಂಕುಳು, ತೊಡೆಸಂದು, ಉಡುಗೆಯ ಪಟ್ಟಿ ತಾಗುವಲ್ಲೆಲ್ಲ ಲ್ಯಾನೋಲಿನ್ (ಕುರಿಯ ಉಣ್ಣೆಯ ಜಿಡ್ಡು) ಬೆರೆಸಿದ ವ್ಯಾಸಲೀನ್ ದಪ್ಪವಾಗಿ ಹಚ್ಚಿ. ಕೊಬ್ಬರಿ ಎಣ್ಣೆ ಒಂದು ಗಂಟೆಯೂ ನಿಲ್ಲುವುದಿಲ್ಲ. ಗಂಡಸರು ಹಿಂದಿನ ದಿನ ಗಡ್ಡ ಬೋಳಿಸಿ; ಎರಡು ದಿನದ ಕುರುಚಲು ಗಡ್ಡ ಭುಜದ ಚರ್ಮವನ್ನು ಸುಲಿದುಬಿಡುತ್ತದೆ. ಹಚ್ಚುವವರು ಕೈಗವಸು ಹಾಕಲಿ, ಆ ಕೈಯಿಂದ ಕನ್ನಡಕ ಮುಟ್ಟಿದರೆ ರಾತ್ರಿಯಿಡೀ ಮಂಜು.

ಮೊದಲ ಗಂಟೆ ನಿಮಗೆ ಸುಲಭವೆನಿಸುವ ವೇಗಕ್ಕಿಂತಲೂ ನಿಧಾನವಾಗಿ ಹೋಗಿ. ಮೊದಲ ಅರ್ಧ ಗಂಟೆಯಿಂದಲೇ ಕುಡಿಯಿರಿ, ಹಸಿವಾಗುವವರೆಗೆ ಕಾಯಬೇಡಿ. ಬೆಳಕು ಹರಿದಾಗ ಮೈಗೆ ಹೊಸ ಚೈತನ್ಯ ಬರುತ್ತದೆ, ಆಗಲೂ ವೇಗ ಹೆಚ್ಚಿಸಬೇಡಿ.

ಗೇಟ್‌ವೇ ಮೆಟ್ಟಿಲ ಮೇಲೆ ಪಾಚಿಯಿರುತ್ತದೆ, ಹತ್ತು ಗಂಟೆ ಮಲಗಿದ್ದ ದೇಹ ಒಮ್ಮೆಲೇ ನಿಂತರೆ ತಲೆ ಸುತ್ತುತ್ತದೆ. ಕೈ ಊರಿ ಮೊದಲು ಕುಳಿತುಕೊಳ್ಳಿ, ಬಳಿಕ ನಿಧಾನವಾಗಿ ಎದ್ದು ನೀರಿನಿಂದ ಪೂರ್ತಿ ಹೊರಗೆ ಬನ್ನಿ. ವೀಕ್ಷಕರು ಸಮಯ ಬರೆದುಕೊಳ್ಳುವವರೆಗೆ ಯಾರೂ ನಿಮ್ಮನ್ನು ಮುಟ್ಟದಂತೆ ದಡದಲ್ಲಿ ಕಾಯುವವರಿಗೆ ಮೊದಲೇ ಹೇಳಿಟ್ಟಿರಿ.